ಆ ಹುಲ್ಲುಗಾವಲನ್ನು ಅಗೆಯಬೇಡಿ!

"ಇನ್ನೊಂದು ಹೆಜ್ಜೆ ಮುಂದಿಟ್ರೆ ನಾಯಿ ಛೂ ಬಿಡ್ತೀನಿ!"

ಹುಲ್ಲುಗಾವಲಿನ ಗೇಟಿಗೆ ಅಡ್ಡ ನಿಂತಿದ್ದ ಬ್ರೈಡಿಯ ದನಿ ನಡುಗುತ್ತಿತ್ತು. ಅಗೆಯುವ ಯಂತ್ರದಿಂದ ಇಳಿದ ಡಂಕನ್, ಅವಳ ಮುದಿ ನಾಯಿಯತ್ತ ನೋಡಿದ.

"ಯಾವ ನಾಯಿ ರೀ? ಇದಾ? ಇದು ನನ್ನ ಬೂಟು ನೆಕ್ತಿದೆ!"

ಬೇರೆ ಹೊತ್ತಾಗಿದ್ದರೆ ಅವಳು ನಗುತ್ತಿದ್ದಳೇನೋ. ಈಗ ಕಣ್ಣೆಲ್ಲ ಆ ಯಂತ್ರದ ಉಕ್ಕಿನ ಹಲ್ಲುಗಳ ಮೇಲೆ.

ಕಂಬ್ರಿಯಾದ ಗುಡ್ಡಗಳ ನಡುವಿನ ಆ ಹಳ್ಳಿಗೆ ಯಾವ ಕಂಪನಿಯೂ ಫೈಬರ್ ಇಂಟರ್‌ನೆಟ್ ತರಲು ಒಪ್ಪದಿದ್ದಾಗ, ಊರವರೇ ಕಾಲುವೆ ತೋಡಿ ತಂತಿ ಹೂಳಲು ಹೊರಟಿದ್ದರು. ಕೆಲಸ ಬಲ್ಲವನೆಂದು ಡಂಕನ್‌ನನ್ನು ಕರೆಸಿದ್ದರು. ಇನ್ನುಳಿದದ್ದು ಮೇಲಿನ ಹನ್ನೊಂದು ಮನೆ. ಅಲ್ಲಿಗೆ ದಾರಿ ಬ್ರೈಡಿಯ ಈ ಹುಲ್ಲುಗಾವಲೊಂದೇ.

"ನಾಲ್ಕು ಎಸಳು ಹುಲ್ಲಿಗೋಸ್ಕರ ಹನ್ನೊಂದು ಮನೆಯವರನ್ನ ಕಾಯಿಸ್ತೀರಾ? ಎಂಥ ಕಲ್ಲುಮನಸ್ಸು ರೀ ನಿಮ್ದು!"

ಬ್ರೈಡಿ ಕಣ್ಣು ತುಂಬಿದ್ದು ಕಾಣಬಾರದೆಂದು ಮುಖ ತಿರುಗಿಸಿಕೊಂಡು ಮನೆಗೆ ನಡೆದಳು.

ನಿಜ ಹೇಳಿದ್ದು ಅವಳ ತಾಯಿ ಆಗ್ನೆಸ್. "ನನ್ನ ಮಗ ರಾಬಿನ್ ಅಲ್ಲೇ ಬೇಲಿ ಕಂಬಕ್ಕೆ ಗುಂಡಿ ತೋಡ್ತಿದ್ದ ಕಣಪ್ಪ. ನೆಲದೊಳಗಿನ ಕರೆಂಟು ತಂತಿಗೆ ಹಾರೆ ತಾಗ್ತು... ನಾಲ್ಕು ವರ್ಷ ಆಯ್ತು. ಆ ತಂತಿ ತೆಗೆಸಿದ್ರು. ಇನ್ನೊಂದು ಇದ್ದರೆ ಅಂತ ಇವಳಿಗೆ ಭಯ. ನಕ್ಷೇಲಿ ಇಲ್ಲ ಅಂದ್ರೂ ನಂಬಲ್ಲ."

ಡಂಕನ್ ತಲೆ ತಗ್ಗಿಸಿದ. ಛೇ... ಎಂಥ ಮಾತಾಡಿಬಿಟ್ಟೆ!

ಮರುದಿನ ಅವನು ಯಂತ್ರವಿಲ್ಲದೆ ಬಂದ.

"ತಪ್ಪಾಯ್ತು, ಬ್ರೈಡಿ. ಒಪ್ಪಿದ್ರೆ ಕೈಯಲ್ಲೇ ತೋಡ್ತೀನಿ. ಬೆರಳಗಲ ಬೆರಳಗಲ ಮಣ್ಣು ಕೆರೆದು ನೋಡ್ತಾ."

"ತಿಂಗಳಾಗತ್ತೆ..."

"ಆಗ್ಲಿ."

ಅವಳು ಒಪ್ಪಿದಳು. ಆದರೆ ನೆಮ್ಮದಿ ಹಾರಿಹೋಯಿತು! ಕುರಿಗಳಿಗೆ ಮೇವು ಹಾಕುವಾಗಲೂ ಕಿವಿ ಅವನ ಸಲಿಕೆಯ ಸದ್ದಿನ ಕಡೆಗೆ. ಸದ್ದು ನಿಂತರೆ ಉಸಿರೂ ನಿಲ್ಲುತ್ತಿತ್ತು. ಚಹಾ ಕೊಡುವ ನೆವದಲ್ಲಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡುತ್ತಿದ್ದಳು.

"ಇಷ್ಟು ಚಹಾ ಕುಡಿದ್ರೆ ನಾನು ತೇಲಿಹೋಗ್ತೀನಿ ಅಷ್ಟೇ!"

"ಸುಮ್ನೆ ಕುಡೀರಿ."

ಹದಿನೆಂಟನೆಯ ದಿನ ಬೆಳಿಗ್ಗೆ ದಟ್ಟ ಮಂಜು. ಸಲಿಕೆಯ ಸದ್ದು ನಿಂತಿತು. ಮತ್ತೆ ಕೇಳಲೇ ಇಲ್ಲ.

ಅಯ್ಯೋ ದೇವರೇ... ಇವನನ್ನೂ ಕಿತ್ಕೋಬೇಡ!

ಬ್ರೈಡಿ ಇದ್ದ ಹಾಗೇ ಓಡಿದಳು. ಕಾಲುವೆಯಲ್ಲಿ ಸಲಿಕೆ ಬಿದ್ದಿತ್ತು. ಪಕ್ಕದಲ್ಲಿ ಮಣ್ಣಿನಿಂದ ಹೊರಗಿಣುಕಿದ್ದ ದಪ್ಪನೆಯ ಕಪ್ಪು ತಂತಿ. ಡಂಕನ್ ಇರಲಿಲ್ಲ.

"ಡಂಕನ್! ಡಂಕ...ನ್!"

"ಹತ್ರ ಹೋಗ್ಬೇಡ! ಅಲ್ಲೇ ನಿಲ್ಲು!"

ಮಂಜಿನೊಳಗಿಂದ ಏದುಸಿರು ಬಿಡುತ್ತಾ ಅವನು ಓಡಿಬಂದ. ಮೊಬೈಲ್ ಸಿಗ್ನಲ್‌ಗಾಗಿ ಗುಡ್ಡದ ತುದಿಗೆ ಹೋಗಿದ್ದ, ಫೋನ್ ಮಾಡಿ ಕರೆಂಟು ತೆಗೆಸಲು.

"ನಕ್ಷೇಲಿ ಇಲ್ಲದ ತಂತಿ ಬ್ರೈಡಿ. ಇದರಲ್ಲಿ ಕರೆಂಟು ಹರೀತಿತ್ತು! ಅವತ್ತು ಯಂತ್ರದಲ್ಲಿ ಅಗೆದಿದ್ರೆ..." ಅವನ ತುಟಿ ಬಿಳಿಚಿಕೊಂಡಿತ್ತು. "ಎಲ್ಲರೂ ನಿನ್ನ ಭಯವನ್ನ ಹುಚ್ಚು ಅಂದ್ರು. ಅದೇ ನನ್ನ ಜೀವ ಉಳಿಸ್ತು."

ಅವಳು ಅವನ ಎದೆಗೆ ಗುದ್ದಿದಳು, ಮತ್ತೆ ಮತ್ತೆ. ಕೊನೆಗೆ ಅಲ್ಲೇ ಮುಖವಿಟ್ಟು ಬಿಕ್ಕಿದಳು.

"ನನಗೆ ಭಯ ಆಗತ್ತೆ ಡಂಕನ್... ನಿನ್ನನ್ನ ಪ್ರೀತಿಸೋಕೆ."

"ನನಗೂ ಭಯಾನೇ."

"ನಿನಗ್ಯಾಕೆ?"

"ನನ್ನ ಜೊತೆ ಬಾಳ್ತೀಯಾ ಅಂತ ಕೇಳಿದಾಗ ನೀನು ಇಲ್ಲ ಅಂದ್ಬಿಟ್ರೆ..."

ಬ್ರೈಡಿ ಕಣ್ಣೊರೆಸಿಕೊಂಡು ಕೆಳಗೆ ನೋಡಿದಳು. ಬೂಟು ಹಾಕಿಕೊಳ್ಳಲೂ ಮರೆತಿದ್ದ ಪಾದಗಳು ಕೆಸರಲ್ಲಿ ಹೂತಿದ್ದವು.

"ಇಲ್ಲ ಅನ್ನೋಳು ಬರಿಗಾಲಲ್ಲಿ ಹೀಗೆ ಓಡಿ ಬರ್ತಿದ್ಳಾ, ದಡ್ಡ?"