ಗುರುವಾರದವರೆಗೆ ಏಸಿ ಹಾಕಬೇಡಿ

ಮಂಗಳವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಠಾಣೆಗೆ ಬಂದ ದೂರುದಾರನ ಎರಡೂ ಅಂಗೈಗೆ ಬ್ಯಾಂಡೇಜು ಸುತ್ತಿತ್ತು. ವಯಸ್ಸು ನಲವತ್ತೊಂದು, ಮನೆಗಳಿಗೆ ಬಣ್ಣ ಹೊಡೆಸುವ ಕಾಂಟ್ರಾಕ್ಟರ್, ಊರಿಗೆಲ್ಲ ಪೇಂಟರ್. ಪೆನ್ನು ಹಿಡಿಯಲು ಆಗದ್ದರಿಂದ ಅವನು ಹೇಳುತ್ತಾ ಹೋದ, ದಫೇದಾರರು ಬರೆದುಕೊಂಡರು. ಹೇಳಿದ ಎನ್ನುವುದಕ್ಕಿಂತ ಕೂಗಿದ ಎನ್ನುವುದೇ ಸರಿ. ಹೊರಗೆ ಗೇಟಿನ ಬಳಿ ನಿಂತಿದ್ದ ಅವನ ಕಡೆಯ ಮೂವತ್ತು ನಲವತ್ತು ಮಂದಿಗೂ ಅವನ ಮಾತು ಕೇಳುತ್ತಿತ್ತು.

"ನಮ್ಮಮ್ಮನ್ನ ಸುಟ್ಟುಬಿಟ್ಲು ಸಾರ್ ಆ ಹೆಂಗಸು. ಕೊಲೆ ಅಂತಲೇ ಹಾಕಿ."

ದೂರಿನ ಸಾರಾಂಶ ಇಷ್ಟು. ಸೋಮವಾರ ಬೆಳಗ್ಗೆ ಪೇಂಟರ್ ಕಾರಿನ ಏಸಿ ರಿಪೇರಿಗೆಂದು ಮುಖ್ಯರಸ್ತೆಯ ಹಿಂದಿನ ಒಂದು ಶೆಡ್ಡಿಗೆ ಹೋಗಿದ್ದ. ಶೆಡ್ಡು ನಡೆಸುವವಳು ಒಬ್ಬ ಹೆಂಗಸು, ಎಲ್ಲರೂ ಏಸಿ ಅಕ್ಕ ಎನ್ನುತ್ತಾರೆ. ಏನೋ ವೈರಿಂಗ್ ತೊಂದರೆ ಎಂದು ಕೆಲಸ ಮಾಡಿ ಕಳಿಸಿದಳು. ಮಂಗಳವಾರ ಬೆಳಗ್ಗೆ ಎಪ್ಪತ್ತಮೂರು ವರ್ಷದ ತಾಯಿಯನ್ನು ಆಸ್ಪತ್ರೆಗೆ ತೋರಿಸಿ ಬರುವಾಗ ಔಷಧಿ ಅಂಗಡಿಯ ಎದುರು ಕಾರು ನಿಲ್ಲಿಸಿದ. ತಾಯಿಗೆ ಸೆಕೆಯಾಗದಿರಲೆಂದು ಎಂಜಿನ್ ಮತ್ತು ಏಸಿ ಚಾಲೂ ಇಟ್ಟು, ಬಾಗಿಲು ಲಾಕ್ ಮಾಡಿ ಮಾತ್ರೆ ತರಲು ಹೋದ. ಹನ್ನೊಂದು ಇಪ್ಪತ್ತಕ್ಕೆ ಡ್ಯಾಶ್‌ಬೋರ್ಡಿನ ಹಿಂದಿನಿಂದ ಹೊಗೆ ಬಂತು. ಅವನು ಓಡಿ ಬಂದು ಬಾಗಿಲು ಎಳೆಯುವಷ್ಟರಲ್ಲಿ ಒಳಗೆ ಬೆಂಕಿ.

ದೂರಿನಲ್ಲಿ ಇಲ್ಲದ ಸಂಗತಿ ಇನ್ನೊಂದಿತ್ತು. ಹನ್ನೆರಡೂವರೆಗೆ ಪೇಂಟರ್ ಮೂವರು ಗೆಳೆಯರೊಡನೆ ಶೆಡ್ಡಿಗೆ ನುಗ್ಗಿದ್ದ. ಏಸಿ ಅಕ್ಕ ಬೇರೊಂದು ಕಾರಿನ ಎಂಜಿನ್ ಮೇಲೆ ಬಗ್ಗಿದ್ದಳು. ಅವಳ ಬಲಗೈ ಒಳಗಿರುವಾಗಲೇ ಬಾನೆಟ್ಟನ್ನು ಮೇಲಿನಿಂದ ಬಡಿದಿದ್ದರು. ಎರಡು ಸಲ.

ಇನ್ಸ್‌ಪೆಕ್ಟರಿಗೆ ಕೋಪ ಸದಾ ಮೂಗಿನ ತುದಿಯಲ್ಲಿ. ತಾಯಿಯನ್ನು ದಿನವೂ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಓಡಾಡುವ ಹೆಣ್ಣುಮಗಳು ಅವರು. ದೂರು ಓದಿ ಮುಗಿಸುವಷ್ಟರಲ್ಲಿ ಅವರ ಸಿಟ್ಟೆಲ್ಲ ಮೆಕ್ಯಾನಿಕ್ ಮೇಲೆ ತಿರುಗಿತ್ತು. ಎರಡು ಮುಕ್ಕಾಲಿಗೆ ಎಫ್‌ಐಆರ್ ಆಯಿತು. ಶೆಡ್ಡಿನ ಹಲ್ಲೆಗೆ ಪ್ರತ್ಯೇಕ ಎಫ್‌ಐಆರ್ ಹಾಕಲೇ ಎಂದು ದಫೇದಾರರು ಕೇಳಿದಾಗ, "ಹಾಕಿ, ಆದ್ರೆ ಮೊದಲು ಇದು" ಎಂದರು. ಆ ಮಾತಿಗೆ ಅವರು ಆಮೇಲೆ ನಾಚಿಕೊಂಡರು.

ಮೇಲಧಿಕಾರಿಯ ಫೋನು ಬಂತು. "ಜನ ರಸ್ತೆಗೆ ಬರ್ತಿದ್ದಾರೆ. ಸಂಜೆ ಏಳರೊಳಗೆ ಆ ಹೆಂಗಸಿನ ಅರೆಸ್ಟ್ ಆಗಿರ್ಬೇಕು."

"ಕೈ ಆಪರೇಷನ್ನಿದೆ ಸಾರ್ ಅವಳಿಗೆ."

"ಆಪರೇಷನ್ ಆದ ತಕ್ಷಣ ಮಾಡಿ."

ಮೂರು ಇಪ್ಪತ್ತಕ್ಕೆ ಸ್ಥಳ ಪಂಚನಾಮೆ. ಔಷಧಿ ಅಂಗಡಿಯವನೂ ಪಕ್ಕದ ಕನ್ನಡಕದ ಅಂಗಡಿಯವನೂ ಪಂಚರು. ಕಾರಿನ ಮುಂಭಾಗ ಕರಗಿ ಗಟ್ಟಿಯಾಗಿತ್ತು. ಡ್ರೈವರ್ ಮೊಣಕಾಲಿನ ಬಳಿ ಇರುವ ಫ್ಯೂಸ್ ಡಬ್ಬಿಯ ಕಾಲುಭಾಗ ಮಾತ್ರ ಉಳಿದಿತ್ತು. ದಫೇದಾರರು ಟಾರ್ಚ್ ಹಿಡಿದು ಮಕಾಡೆ ಮಲಗಿ ನೋಡಿದರು. ಏಸಿಯ ಫ್ಯೂಸ್ ಇರಬೇಕಾದ ಸೀಳಿನಲ್ಲಿ ಫ್ಯೂಸ್ ಇರಲಿಲ್ಲ. ಎರಡು ಕಾಲು ಊರಿಕೊಂಡು ಒಂದು ಉಕ್ಕಿನ ತಂತಿ ಕೂತಿತ್ತು.

"ಕಂಬಿ ತುರುಕಿದ್ದಾರೆ ಮೇಡಂ. ಜಾಸ್ತಿ ಕರೆಂಟು ಹರಿದ್ರೆ ಫ್ಯೂಸು ತಾನು ಸತ್ತು ವೈರ್ ಉಳಿಸುತ್ತೆ. ಇದು ಸಾಯಲ್ಲ. ವೈರೇ ಕಾದು ಹತ್ಕೊಂಡಿದೆ."

ಇನ್ಸ್‌ಪೆಕ್ಟರ್ ಹಲ್ಲು ಕಚ್ಚಿದರು. ತಂತಿಯನ್ನು ಪಂಚರ ಎದುರು ತೆಗೆದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಟಿ ಅಂಟಿಸಿ, ಸಹಿ ಹಾಕಿಸಿಕೊಂಡರು. ಅಲ್ಲಿಂದ ಸೀದಾ ಆಸ್ಪತ್ರೆಗೆ ಹೊರಟಾಗ ಅವರು ಜೀಪಿನ ಬಾಗಿಲು ಹಾಕಿದ ರಭಸಕ್ಕೆ ಡ್ರೈವರ್ ಬೆಚ್ಚಿಬಿದ್ದ.

ನಾಲ್ಕು ಗಂಟೆ ಐದು ನಿಮಿಷ. ಮೂಳೆ ವಾರ್ಡಿನ ಕೊನೆಯ ಮಂಚ. ಕೂದಲನ್ನು ಕಿವಿಯ ಮೇಲಕ್ಕೆ ಗಿಡ್ಡ ಕತ್ತರಿಸಿಕೊಂಡ, ಐವತ್ತರ ಆಸುಪಾಸಿನ ಹೆಂಗಸು. ಬಲಗೈ ದಿಂಬಿನಷ್ಟು ಊದಿತ್ತು. ಉಗುರು ಸಂದಿಯಲ್ಲಿ ಇನ್ನೂ ಗ್ರೀಸು.

"ನಿನ್ನೆ ಆ ಕಾರಿಗೆ ಏನ್ ಮಾಡ್ದೆ?"

"ತೊಂದರೆ ಹುಡುಕಿದೆ. ರಿಪೇರಿ ಮಾಡ್ಲಿಲ್ಲ."

"ಅಂದ್ರೆ?"

"ಏಸಿ ವೈರು ತಗಡಿನ ತೂತಿನೊಳಗಿಂದ ಎಂಜಿನ್ ಕಡೆ ಹೋಗುತ್ತೆ. ತೂತಿನ ರಬ್ಬರ್ ಬಿದ್ದುಹೋಗಿತ್ತು. ತಗಡಿಗೆ ಉಜ್ಜಿ ಉಜ್ಜಿ ವೈರಿನ ಸಿಪ್ಪೆ ಹೋಗಿ ತಾಮ್ರ ಕಾಣ್ತಿತ್ತು. ಟೇಪ್ ಸುತ್ತಿದ್ರೆ ನಿಲ್ಲಲ್ಲ. ಹೊಸ ವೈರಿಂಗ್ ಗುರುವಾರ ಬರುತ್ತೆ, ಅಲ್ಲೀವರೆಗೆ ಏಸಿ ಹಾಕಬೇಡಿ ಅಂದೆ."

"ಫ್ಯೂಸ್ ಜಾಗದಲ್ಲಿ ತಂತಿ ಸಿಕ್ಕಿದೆ. ಅದಕ್ಕೇನು ಹೇಳ್ತೀಯ?"

ನೋವಿನಲ್ಲೂ ಅವಳು ಎದ್ದು ಕೂತಳು. ಕಣ್ಣು ಕೆಂಪಾಯಿತು. "ನಾನಾ? ತಂತಿನಾ? ಮೇಡಂ, ಇಪ್ಪತ್ತಾರು ವರ್ಷದಿಂದ ಒಂದು ಪದ್ಧತಿ ಇಟ್ಕೊಂಡಿದ್ದೀನಿ. ಕೆಲಸ ಅರ್ಧ ಇದ್ರೆ ಫ್ಯೂಸ್ ಕಿತ್ತು ನನ್ನ ಹತ್ರ ಇಟ್ಕೋತೀನಿ. ಖಾಲಿ ಸೀಳಿಗೆ ಕೆಂಪು ಟೇಪ್ ಹಚ್ತೀನಿ. ಹಾಕಬೇಡಿ ಅಂದ್ರೆ ಯಾರು ಕೇಳ್ತಾರೆ? ಅದಕ್ಕೆ ಕಿತ್ಕೊಂಡೇ ಬಿಡೋದು. ಬೈಕೊಂಡು ಹೋಗ್ತಾರೆ, ಹೋಗ್ಲಿ. ಆ ಮನುಷ್ಯನೂ ಬೈದ. ಹೆಂಗಸಿನ ಹತ್ರ ಬಂದಿದ್ದೇ ತಪ್ಪಾಯ್ತು ಅಂದ."

"ಫ್ಯೂಸ್ ಎಲ್ಲಿ?"

"ಗೋಡೆ ಮೇಲಿನ ಹಲಗೇಲಿ, ಮೊಳೆಗೆ ನೇತು ಹಾಕಿದ್ದೆ. ಕಾರಿನ ನಂಬರ್ ಚೀಟಿ ಕಟ್ಟಿ. ಅವನ್ನೆಲ್ಲ ಅವರು ಒಡೆದು ಹಾಕಿದ್ರಲ್ಲ."

"ರಸೀದಿ, ಬಿಲ್ಲು ಏನಾದ್ರೂ?"

"ಇಲ್ಲ. ನಂದೆಲ್ಲ ಆ ಹಲಗೇನೇ."

ನರ್ಸ್ ಬಂದು ಆಪರೇಷನ್ ಕೊಠಡಿಗೆ ಕರೆದೊಯ್ಯುವ ಹೊತ್ತಾಯಿತು ಎಂದಳು. ಬಾಗಿಲ ಬಳಿ ಕಾವಲಿಗೆ ಕೂತ ಪೇದೆಯನ್ನು ನೋಡಿ ಏಸಿ ಅಕ್ಕ ಕೇಳಿದಳು. "ಎಚ್ಚರ ಆದ್ಮೇಲೆ ಜೈಲಿಗಾ ಮೇಡಂ?" ಇನ್ಸ್‌ಪೆಕ್ಟರ್ ಗಡಿಯಾರ ನೋಡಿಕೊಂಡರು. ಏಳಕ್ಕೆ ಎರಡೂವರೆ ಗಂಟೆ ಇತ್ತು.

ನಾಲ್ಕು ಐವತ್ತಕ್ಕೆ ಶೆಡ್ಡು. ಹಲಗೆ ಎರಡು ಹೋಳಾಗಿ ಎಣ್ಣೆಯಲ್ಲಿ ಬಿದ್ದಿತ್ತು. ಬಣ್ಣಬಣ್ಣದ ಫ್ಯೂಸುಗಳು ನೆಲದ ತುಂಬ ಚೆಲ್ಲಾಡಿದ್ದವು. ಕೆಲವಕ್ಕೆ ಚೀಟಿಯ ದಾರ ಇನ್ನೂ ಅಂಟಿಕೊಂಡಿತ್ತು, ಕೆಲವನ್ನು ಬೂಟುಗಾಲು ಪುಡಿ ಮಾಡಿತ್ತು. ಇನ್ಸ್‌ಪೆಕ್ಟರ್ ಪ್ಯಾಂಟು ಹಾಳಾಗುವುದನ್ನು ಲೆಕ್ಕಿಸದೆ ಮೊಣಕಾಲೂರಿದರು. ದಫೇದಾರರು ಸೊಂಟನೋವಿನವರು, ಗೊಣಗುತ್ತಲೇ ಪಕ್ಕದಲ್ಲಿ ಕೂತರು. ಇಬ್ಬರೂ ಒಂದೊಂದೇ ಚೀಟಿಯನ್ನು ಬಟ್ಟೆಯಿಂದ ಒರೆಸಿ ಓದಿದರು. ಹದಿನೇಳು ಚೀಟಿಗಳಾದವು. ಪೇಂಟರನ ಕಾರಿನದು ಸಿಗಲಿಲ್ಲ.

"ಸುಳ್ಳು ಹೇಳಿದ್ಳೇನೋ ಮೇಡಂ."

"ಆ ಕಂಪ್ರೆಸರ್ ಎತ್ತಿ."

ಹಳೆಯ ಕಂಪ್ರೆಸರಿನ ಅಡಿಯಲ್ಲಿ ಹದಿನೆಂಟನೆಯದಿತ್ತು. ಕೆಂಪು ಬಣ್ಣದ ಹತ್ತು ಆಂಪಿಯರ್ ಫ್ಯೂಸು, ಒಳಗಿನ ಎಳೆ ಸರಿಯಾಗಿತ್ತು. ಚೀಟಿಯಲ್ಲಿ ಕಾರಿನ ನಂಬರು, ಸೋಮವಾರದ ತಾರೀಖು, ಕೆಳಗೆ ದುಂಡನೆಯ ಅಕ್ಷರದಲ್ಲಿ: "ವೈರ್ ಗುರುವಾರ. ಕೇಳಿದರೂ ಕೊಡಬಾರದು."

ಪಂಚನಾಮೆ ಬರೆಸುವಾಗ ಇನ್ಸ್‌ಪೆಕ್ಟರಿಗೆ ಮೈ ಬಿಸಿಯಾಯಿತು. ಈ ಸಲದ ಕೋಪ ತಮ್ಮ ಮೇಲೆ. ಬೆಳಕಿಗೆ ಬಂದು ಮೊದಲಿನ ಚೀಲವನ್ನು ಎತ್ತಿ ಹಿಡಿದು, ಆಗಲೇ ಮಾಡಬೇಕಿದ್ದ ಕೆಲಸವನ್ನು ಈಗ ಮಾಡಿದರು, ತಂತಿಯನ್ನು ಸರಿಯಾಗಿ ನೋಡಿದರು. ಕರಿ ಹಿಡಿದಿದ್ದರೂ ಆಕಾರ ಹಾಗೇ ಇತ್ತು. ಎರಡು ಕಾಲು, ಪ್ರತಿ ಕಾಲಿನ ನಡುವೆ ಮೂರು ಸಣ್ಣ ಅಂಕುಡೊಂಕು. ಅವರು ಟೋಪಿ ತೆಗೆದು, ತಮ್ಮ ತುರುಬಿನಿಂದ ಒಂದು ಪಿನ್ನು ಎಳೆದು ಚೀಲದ ಪಕ್ಕ ಹಿಡಿದರು.

"ದಫೇದಾರ್ರೇ, ಆ ಮೆಕ್ಯಾನಿಕ್ಕಿಗೆ ತುರುಬೆಲ್ಲಿದೆ?"

ಐದು ಐವತ್ತಕ್ಕೆ ಪೇಂಟರನ ಮನೆ. ಅವನು ಠಾಣೆಯ ಗೇಟಿನಲ್ಲೇ ಇದ್ದ. ಮನೆಯಲ್ಲಿ ತಂಗಿ ಒಬ್ಬಳೇ, ಅತ್ತು ಅತ್ತು ಮುಖ ಊದಿಸಿಕೊಂಡು ಬಾಗಿಲು ತೆರೆದಳು. ಊರವರ ಮನೆಗೆಲ್ಲ ಬಣ್ಣ ಹೊಡೆಸುವವನ ಹಜಾರದ ಗೋಡೆ ಭುಜದೆತ್ತರಕ್ಕೆ ಮಾತ್ರ ಹಳದಿಯಾಗಿತ್ತು, ಮೇಲೆ ಬರೀ ಗಾರೆ. ಮೂಲೆಯಲ್ಲಿ ಏಣಿ ಧೂಳು ತಿನ್ನುತ್ತಿತ್ತು. ತಾಯಿಯ ಕೋಣೆಯ ಕನ್ನಡಿಯ ಕೆಳಗೆ ಕಪ್ಪು ಪಿನ್ನುಗಳ ಒಂದು ಕಾರ್ಡು ಇತ್ತು, ಅದೇ ಮೂರು ಅಂಕುಡೊಂಕು.

"ಬೆಳಗ್ಗೆ ಹೊರಡೋವಾಗ ಏನೇನಾಯ್ತು, ನಿಧಾನಕ್ಕೆ ಹೇಳಮ್ಮ."

"ಏನಿಲ್ಲ ಮೇಡಂ. ಅಮ್ಮ ಕಾರಲ್ಲಿ ಕೂತಿದ್ರು. ಗಾಳಿ ಬಿಸಿ ಬರ್ತಿದೆ, ರಿಪೇರಿ ಆಗಿದೆ ಅಂದ್ಯಲ್ಲ ಅಂದ್ರು. ಅಣ್ಣ ಸ್ಟೇರಿಂಗ್ ಕೆಳಗೆ ತಲೆ ಹಾಕಿ ಏನೋ ಕೆಂಪು ಟೇಪ್ ಕಿತ್ತು ಬಿಸಾಕ್ದ. ಒಂದು ಪಿನ್ ಕೊಡಮ್ಮ ಅಂದ. ಅಮ್ಮ ತುರುಬಿಂದ ತೆಗೆದುಕೊಟ್ರು. ಆಮೇಲೆ ತಣ್ಣಗೆ ಬಂತು." ಅಷ್ಟು ಹೇಳಿ ಅವಳು ಇನ್ಸ್‌ಪೆಕ್ಟರರ ಮುಖ ನೋಡಿದಳು. "ಯಾಕೆ ಮೇಡಂ?"

ಕೆಂಪು ಟೇಪಿನ ಉಂಡೆ ಗೇಟಿನ ಪಕ್ಕದ ಚರಂಡಿಯ ಅಂಚಿನಲ್ಲಿ ಸಿಕ್ಕಿತು.

ಆರು ನಲವತ್ತಕ್ಕೆ ಜೀಪು ಠಾಣೆಗೆ ಬಂದಾಗ ಗುಂಪು ಇನ್ನಷ್ಟು ಬೆಳೆದಿತ್ತು. ಪೇಂಟರ್ ಮೆಟ್ಟಿಲ ಮೇಲೆ ನಿಂತು ಬ್ಯಾಂಡೇಜಿನ ಕೈ ಎತ್ತಿ ಕೂಗುತ್ತಿದ್ದ. "ಅರೆಸ್ಟ್ ಆಯ್ತಾ ಮೇಡಂ? ಹೇಳಿ, ಅರೆಸ್ಟ್ ಆಯ್ತಾ?"

"ಈಗ ಆಗುತ್ತೆ. ಒಳಗೆ ನಡಿ."

ಅಲ್ಲಿಯವರೆಗೆ ನೀವು ಎನ್ನುತ್ತಿದ್ದವರ ಬಾಯಲ್ಲಿ ಬಂದ ಏಕವಚನಕ್ಕೇ ಅವನ ಎತ್ತಿದ ಕೈ ಕೆಳಗಿಳಿಯಿತು. ಒಳಗೆ ಮೇಜಿನ ಮೇಲೆ ಮೂರು ಚೀಲ ಸಾಲಾಗಿ ಇಟ್ಟರು. ಫ್ಯೂಸು, ಟೇಪು, ಪಿನ್ನು. ಅವನು ಮೂರನೆಯದನ್ನು ನೋಡಿ ಕುರ್ಚಿ ಹುಡುಕಿದ. ಗುಂಪಿನಲ್ಲಿದ್ದ ಅವನ ಮೂವರು ಗೆಳೆಯರನ್ನೂ ಒಳಗೆ ಕರೆಸಿ, ಹಲ್ಲೆಯ ಕೇಸಿನಲ್ಲಿ ನಾಲ್ವರ ಬಂಧನ ತೋರಿಸಲಾಯಿತು. ತಾಯಿಯ ಸಾವಿಗೆ ನಿರ್ಲಕ್ಷ್ಯದ ಆರೋಪ ಮತ್ತು ಸುಳ್ಳು ದೂರು ಅವನೊಬ್ಬನ ಮೇಲೆ.

"ಪಿನ್ ಹಾಕಿದ್ದು ನೀನೇ ಅಂತ ಗೊತ್ತಿತ್ತು. ಕಾರು ಉರೀವಾಗ್ಲೂ ಗೊತ್ತಿತ್ತು. ಆದ್ರೂ ಹೋಗಿ ಆ ಹೆಂಗಸಿನ ಕೈ ಜಜ್ಜಿದ್ಯಲ್ಲ, ಮನುಷ್ಯನಾ ನೀನು?" ಇನ್ಸ್‌ಪೆಕ್ಟರರ ಕೈ ಮೇಜಿಗೆ ಬಡಿಯಿತು. ಚೀಲಗಳು ಹಾರಿ ಬಿದ್ದವು.

ಇಡೀ ಮಧ್ಯಾಹ್ನ ಕೂಗಿದ್ದವನ ಗಂಟಲಲ್ಲಿ ಸಣ್ಣ ದನಿ ಬಂತು. "ಯಾರದಾದ್ರೂ ತಪ್ಪು ಆಗಿರ್ಬೇಕಿತ್ತು ಮೇಡಂ. ಅವಳದಾದ್ರೆ ನಾನು ಬರೀ ಅಮ್ಮನ್ನ ಕಳ್ಕೊಂಡ ಮಗ."

"ಏಸಿ ಹಾಕಬೇಡ ಅಂದಿದ್ಳು ತಾನೇ?"

"ಅಂದಿದ್ಳು."

"ಅಮ್ಮನಿಗೆ ಅದನ್ನ ಹೇಳೋಕೆ ಏನಾಗಿತ್ತು? ಎರಡು ದಿನ ತಾನೇ?"

"ಆಗ್ಲಿಲ್ಲ. ಇನ್ನೂ ಆಗಿಲ್ಲಮ್ಮ ಅನ್ನೋದೇ ನನ್ನ ಕತೆ. ಗೋಡೆ ಆಗಿಲ್ಲ, ತಂಗಿ ಮದ್ವೆ ಆಗಿಲ್ಲ, ಏಸಿ ಆಗಿಲ್ಲ. ಮೂರು ವಾರದಿಂದ ಕೇಳ್ತಿದ್ಳು. ಸೋಮವಾರ ರಾತ್ರಿ ಊಟಕ್ಕೆ ಕೂತಾಗ ಆಯ್ತಮ್ಮ ಅಂದ್ಬಿಟ್ಟೆ. ಬೆಳಗ್ಗೆ ಪಿನ್ ಹಾಕಿದ್ಮೇಲೆ ತಣ್ಣಗೆ ಗಾಳಿ ಬಂತಲ್ಲ, ಅಮ್ಮ ಎರಡೂ ಕೈ ಗಾಳಿಗೆ ಹಿಡಿದು ಕೂತಳು. ಅಂತೂ ಒಂದು ಕೆಲಸ ಪೂರ್ತಿ ಮಾಡ್ದೆ ಕಣೋ ಅಂದ್ಳು."

ದಫೇದಾರರು ಪೆನ್ನು ಎತ್ತಿ, ಇದನ್ನೂ ಬರೆಯಲೇ ಎಂಬಂತೆ ನೋಡಿದರು. ಪೊಲೀಸರ ಮುಂದೆ ಹೇಳಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಅವನೂ ಸೇರಿ ಮೂವರಿಗೂ ಗೊತ್ತಿತ್ತು. ಇನ್ಸ್‌ಪೆಕ್ಟರ್ ಬರೆಯಿರಿ ಎಂದರು. ಅವರ ಕೋಪ ಇಳಿದಿರಲಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇರಲಿಲ್ಲ.

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು. ಆಪರೇಷನ್ ಮುಗಿದಿತ್ತು. ಹೆಬ್ಬೆರಳು ಉಳಿದಿದೆ, ಮಧ್ಯದ ಎರಡು ಬೆರಳು ಇನ್ನು ಮಡಚುವುದಿಲ್ಲ ಎಂದರು ಡಾಕ್ಟರು. ಬಾಗಿಲಲ್ಲಿರುವ ಪೇದೆಯನ್ನು ವಾಪಸು ಕಳಿಸಲು ಹೇಳಿ ಇನ್ಸ್‌ಪೆಕ್ಟರ್ ಫೋನು ಇಟ್ಟರು. ಬೆರಳಿನ ಸಂಗತಿಯನ್ನೂ ಅದೇ ಪುಟದಲ್ಲಿ, ತಾಯಿಯ ಮಾತಿನ ಕೆಳಗಿನ ಸಾಲಿಗೆ ಬರೆಸಿ, ಎರಡನ್ನೂ ಅವನಿಗೆ ಗಟ್ಟಿಯಾಗಿ ಓದಿ ಹೇಳಿದರು.