ಉಗುರಿಗೆ ಸಿಕ್ಕ ಗೀರು

ಔಷಧಿ ಅಂಗಡಿಯಿಂದ ಹೊರಬಂದವಳಿಗೆ ಕಂಡದ್ದು, ತನ್ನ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಬಾಗಿಲ ಮೇಲೆ ಉಗುರು ಎಳೆಯುತ್ತಿದ್ದ ಒಬ್ಬ ಗಂಡಸು.

“ರೀ ಸ್ವಾಮಿ! ಏನ್ ಗೀಚ್ತಾ ಇದೀರಾ?”

ಅವನು ಬೆಚ್ಚಿ ಎದ್ದ. ಕೆನ್ನೆಯ ಮೇಲೆ ಒಂದು ಚುಕ್ಕೆ ಹಸಿರು ಬಣ್ಣ. “ಗೀಚ್ತಾ ಇಲ್ಲ ಮೇಡಂ. ನೋಡ್ತಾ ಇದೀನಿ.”

“ನೋಡೋಕೆ ಕಣ್ಣಿಲ್ವಾ?”

“ಕಣ್ಣು ಮೋಸ ಹೋಗುತ್ತೆ. ಉಗುರು ಜಾರಿದ್ರೆ ಪಾಲಿಶ್ ಸಾಕು, ಸಿಕ್ಕೊಂಡ್ರೆ ಬಣ್ಣ ಬೇಕು.” ಅವನು ಎದುರಿನ ಪೇಂಟ್ ಅಂಗಡಿಯತ್ತ ಕೈ ತೋರಿಸಿದ. “ಅಲ್ಲಿ ಬಣ್ಣ ಬೆರೆಸೋನು ನಾನು. ದಿನಾ ಈ ಗೀರು ನೋಡ್ತೀನಿ. ಪಾಪ ಅನ್ನಿಸ್ತು.”

“ಯಾರ ಮೇಲೆ? ಕಾರಿನ ಮೇಲಾ, ನನ್ನ ಮೇಲಾ?”

ಅವನು ಉಗುರನ್ನು ಅಂಗಿಗೆ ಒರೆಸಿಕೊಂಡ. ಕಿವಿ ಮಾತ್ರ ಕೆಂಪಾದವು.

ಅವಳು ಹೆಂಗಸರಿಗೆ ಡ್ರೈವಿಂಗ್ ಕಲಿಸುತ್ತಿದ್ದಳು. ಊರಿಗೆಲ್ಲ ಅವಳು ‘ಟೀಚರ್’. ಮದುವೆ ಮುರಿದು ಅಕ್ಕನ ಮನೆ ಸೇರಿ ಐದು ವರ್ಷವಾಗಿತ್ತು. ಆ ಬೂದುನೀಲಿ ಸೆಕೆಂಡ್‌ಹ್ಯಾಂಡ್ ಕಾರು ಅವಳ ಸ್ವಂತ ದುಡಿಮೆಯದು. ಕಳೆದ ವಾರ ಶಿಷ್ಯೆಯೊಬ್ಬಳು ಗೇಟಿನ ಕಂಬವನ್ನು ಸವರಿಕೊಂಡು ಹೋಗಿದ್ದಳು. ಹತ್ತು ದಿನಗಳಲ್ಲಿ ಮಹಿಳಾ ಕಾಲೇಜಿನ ಪ್ರಿನ್ಸಿಪಾಲರು ಕಾರು ನೋಡಲು ಬರುವವರಿದ್ದರು. ಒಪ್ಪಿದರೆ ಕಾಲೇಜಿನ ಹುಡುಗಿಯರಿಗೆಲ್ಲ ಅವಳೇ ಡ್ರೈವಿಂಗ್ ಟೀಚರ್. ಗ್ಯಾರೇಜಿನವರೋ, ಇಡೀ ಬಾಗಿಲಿಗೇ ಬಣ್ಣ ಹೊಡೆಯಬೇಕೆಂದು ಕೂತಿದ್ದರು. ಅವರು ಹೇಳಿದ ಮೊತ್ತ ಕೇಳಿ ಅವಳು ಒಂದು ಲೋಟ ನೀರು ಕುಡಿದು ವಾಪಸ್ ಬಂದಿದ್ದಳು.

“ಇಡೀ ಬಾಗಿಲಿಗೆ ಯಾಕೆ? ಬೆರಳಿಗೆ ಮುಳ್ಳು ಚುಚ್ಚಿದ್ರೆ ಇಡೀ ಕೈಗೆ ಬ್ಯಾಂಡೇಜ್ ಸುತ್ತಾರಾ?” ಎಂದ ಅವನು, ಅವಳು ಗ್ಯಾರೇಜಿನ ಮಾತು ಹೇಳಿದಾಗ. “ಒಂದು ಪುಟ್ಟ ಶೀಷೆ ಬಣ್ಣ, ಒಂದು ಹಾಳೆ ಸ್ಯಾಂಡ್‌ಪೇಪರ್, ಸ್ವಲ್ಪ ಪಾಲಿಶ್. ಮಧ್ಯಾಹ್ನ ಬನ್ನಿ, ಹೇಳಿಕೊಡ್ತೀನಿ.”

“ನೀವೇ ಮಾಡಿಕೊಡಬಾರದಾ?”

“ನಿಮ್ಮ ಕಾರಿಗೆ ವಾರಕ್ಕೊಂದು ಗೀರು. ನೀವೇ ಕಲಿತರೆ ಒಳ್ಳೇದು.”

ಅಂಗಡಿಯ ಹಿತ್ತಲಲ್ಲಿ ಪಾಠ ಶುರುವಾಯಿತು. ಮೊದಲು ಸೋಪುನೀರಲ್ಲಿ ತೊಳೆದರು. ನಂತರ ನೆನೆಸಿದ ಸ್ಯಾಂಡ್‌ಪೇಪರಿನಿಂದ ಗೀರಿನ ಅಂಚನ್ನಷ್ಟೇ ಉಜ್ಜಬೇಕಿತ್ತು.

“ಅಷ್ಟು ಜೋರಾಗಲ್ಲ ಟೀಚರ್. ಮಗುವಿನ ಮೂಗು ಒರೆಸೋ ಹಾಗೆ.”

ಬಾಗಿಲ ಚೌಕಟ್ಟಿನ ಚೀಟಿಯಲ್ಲಿದ್ದ ಬಣ್ಣದ ನಂಬರ್ ನೋಡಿ ಅವನು ಬಣ್ಣ ಬೆರೆಸಿದ. ಆದರೆ ಕಾರು ಬಿಸಿಲಿಗೆ ಮಾಸಿತ್ತು. ಒಂದು ಹನಿ ಬಿಳಿ ಹಾಕಿ, ರಟ್ಟಿಗೆ ಹಚ್ಚಿ, ಬಾಗಿಲಿಗೆ ಹಿಡಿದು, ಕಣ್ಣು ಕಿರಿದಾಗಿಸಿ ನೋಡಿದ. ಇಲ್ಲವೆಂದು ತಲೆಯಾಡಿಸಿದ. ಇನ್ನೊಂದು ಹನಿ. ಅವನು ಬಣ್ಣ ನೋಡುತ್ತಿದ್ದಷ್ಟು ಹೊತ್ತೂ ಅವಳು ಅವನ ರೆಪ್ಪೆಗಳನ್ನು ನೋಡಿದಳು. ಇಷ್ಟು ತಾಳ್ಮೆಯಿಂದ ತನ್ನನ್ನು ಯಾರೂ ನೋಡಿರಲಿಲ್ಲವಲ್ಲ ಎನ್ನಿಸಿತು.

ಹಲ್ಲುಕಡ್ಡಿಯ ತುದಿಯಲ್ಲಿ ಬಣ್ಣ ಅದ್ದಿ ಗೀರಿನೊಳಗೆ ತುಂಬುವಾಗ ಅವಳು ಉಸಿರು ಬಿಗಿಹಿಡಿದಳು.

“ಉಸಿರು ಬಿಡಿ.”

“ಬಿಟ್ರೆ ಕೈ ನಡುಗುತ್ತೆ.”

“ನಡುಗಲಿ. ನಾನಿದೀನಿ.” ಅಂದಮೇಲೆ ಅವನಿಗೇ ಗಾಬರಿ. “ಅಂದ್ರೆ, ಒರೆಸೋ ಬಟ್ಟೆ ಹಿಡ್ಕೊಂಡು ಇದೀನಿ ಅಂತ.”

“ಗೊತ್ತಾಯ್ತು ಬಿಡಿ,” ಎಂದು ಅವಳು ತುಟಿ ಕಚ್ಚಿ ನಗು ತಡೆದಳು.

ಅಷ್ಟರಲ್ಲಿ ಬಿಸಿಲು ಬಾಗಿಲಿನ ಮೇಲೇ ಬಂತು. ಬಣ್ಣದ ಕೈ ತೋರಿಸಿ ಅವಳು, “ಕೀ ಅಲ್ಲೇ ಇದೆ, ಸ್ವಲ್ಪ ನೆರಳಿಗೆ ತಗೊಳ್ಳಿ,” ಎಂದಳು. ಅವನು ಒಳಗೆ ಬಗ್ಗಿ, ಹ್ಯಾಂಡ್‌ಬ್ರೇಕ್ ಇಳಿಸಿ, ನ್ಯೂಟ್ರಲ್‌ಗೆ ಹಾಕಿ, ಹಿಂದೆ ಹೋಗಿ ಕಾರನ್ನು ತಳ್ಳತೊಡಗಿದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅಯ್ಯೋ, ಸ್ಟಾರ್ಟ್ ಮಾಡೋಕೇನು ಧಾಡಿ?”

ಅವನು ನಗಲಿಲ್ಲ. ಕಾರು ನೆರಳಿಗೆ ಬಂದ ಮೇಲೆ ಬಾನೆಟ್ಟಿಗೆ ಒರಗಿ ಹೇಳಿದ. ಹನ್ನೊಂದು ವರ್ಷದ ಹಿಂದೆ ಅವನು ಓಡಿಸುತ್ತಿದ್ದ ಕಾರು ಸೇತುವೆಯ ಕಟ್ಟೆಗೆ ಬಡಿದಿತ್ತು. ಪಕ್ಕದಲ್ಲಿ ಕೂತಿದ್ದ ಅಣ್ಣನ ಎಡಗಾಲು ಮತ್ತೆ ನೆಟ್ಟಗಾಗಲಿಲ್ಲ.

“ಅಣ್ಣ ಒಂದು ಮಾತೂ ಅನ್ನಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಅವತ್ತಿಂದ ಸ್ಟಿಯರಿಂಗ್ ಮುಟ್ಟಿಲ್ಲ. ಅಣ್ಣನ ಮನೆಗೆ ಹೋಗೋದೂ ಕಮ್ಮಿ. ಅವನು ಕುಂಟಿಕೊಂಡು ಬಂದು ಬಾಗಿಲು ತೆಗೀತಾನಲ್ಲ, ಅದನ್ನ ನೋಡೋಕಾಗಲ್ಲ.”

ಅವಳು ಬಣ್ಣದ ಕೈ ಒರೆಸಿಕೊಂಡಳು. ಪಕ್ಕದಲ್ಲಿ ಬಂದು ತಾನೂ ಬಾನೆಟ್ಟಿಗೆ ಒರಗಿದಳು. ಇಬ್ಬರೂ ಬಣ್ಣ ಆರುವುದನ್ನೇ ಕಾದರು.

ಮರುದಿನ ಎರಡನೇ ಪದರ, ಅದರಾಚೆ ದಿನ ಹೊಳಪಿಗೆ ಲ್ಯಾಕರ್ ಲೇಪ. ಎರಡು ದಿನ ಬಿಟ್ಟು ಪಾಲಿಶ್ ಉಜ್ಜಿದಾಗ ಗೀರು ಎಲ್ಲಿತ್ತೆಂದು ಅವಳೇ ಹುಡುಕಬೇಕಾಯಿತು. ‘ನಿನ್ನ ಕೈಲಿ ಯಾವ ಕೆಲಸ ತಾನೇ ಆಗುತ್ತೆ’ ಎನ್ನುತ್ತಿದ್ದ, ಮುರಿದ ಮದುವೆಯ ಹಳೆಯ ದನಿಯೊಂದು ಆ ಗಳಿಗೆಯಲ್ಲಿ ಬಾಯಿ ಮುಚ್ಚಿತು.

ಪ್ರಿನ್ಸಿಪಾಲರು ಬಂದರು, ಕಾರು ಸುತ್ತಿದರು, ಒಂದು ರೌಂಡ್ ಹೋಗಿಬಂದು ಒಪ್ಪಿದರು. ಅವಳು ಓಡಿಬಂದು ಹೇಳಿದಾಗ ಅವನು, “ನಂಗೊತ್ತಿತ್ತು,” ಎಂದಷ್ಟೇ ಅಂದು ಡಬ್ಬಿ ಕಲಕತೊಡಗಿದ. ಇನ್ನು ಅಂಗಡಿಯ ಹಿತ್ತಲಿಗೆ ಹೋಗಲು ಅವಳಿಗೆ ನೆಪವಿರಲಿಲ್ಲ.

ಒಂದು ವಾರ ತಡೆದುಕೊಂಡಳು. ಶಿಷ್ಯೆ ಕ್ಲಚ್ ಬಿಡುವಾಗಲೂ ಎಲ್ಲಿಂದಲೋ ಪೇಂಟ್ ಅಂಗಡಿಯ ಥಿನ್ನರಿನ ವಾಸನೆ ಬಂದಂತಾಗುತ್ತಿತ್ತು. “ಏನೇ, ಸಾರಿಗೆ ಎರಡು ಸಲ ಉಪ್ಪು ಹಾಕಿದೀಯಾ?” ಎಂದು ಅಕ್ಕ ಗದರಿದ ದಿನ ಸೀದಾ ಅಂಗಡಿಗೆ ಹೋದಳು.

“ಮತ್ತೆ ಗೀರು ಬಿತ್ತಾ?” ಅವನ ದನಿಯಲ್ಲಿ ಆಸೆಯಿತ್ತು.

“ಇಲ್ಲ. ನೀವು ನನಗೆ ಕಲಿಸಿದ್ರಿ. ಈಗ ನನ್ನ ಸರದಿ. ನಾಳೆ ಬೆಳಿಗ್ಗೆ ಆರಕ್ಕೆ, ಮೈದಾನ.”

ಅವನ ಮುಖ ಬಿಳಿಚಿತು. “ಆಗಲ್ಲ ಟೀಚರ್.”

“ಬರೀ ಕೂತ್ಕೊಳ್ಳಿ. ಓಡಿಸೋದು ಬೇಡ.”

ಮೊದಲ ದಿನ ಬರೀ ಕೂತ. ಎರಡನೇ ದಿನ ಎಂಜಿನ್ ಶುರುಮಾಡಿ, ಆಫ್ ಮಾಡಿ, ಬೆವರು ಒರೆಸಿಕೊಂಡ. ಅವಳು ಅವಸರ ಮಾಡಲಿಲ್ಲ. ನಾಲ್ಕನೇ ದಿನ ಕಾರು ಮೈದಾನದ ಅರ್ಧಕ್ಕೆ ಹೋಗಿ ನಿಂತಾಗ ಅವನ ಕಣ್ಣು ತುಂಬಿತ್ತು.

“ನಿಮ್ಮ ಕಡೆ ಕೂತವರಿಗೆ ಏನಾದ್ರೂ ಆದ್ರೆ?”

“ನನ್ನ ಕಾಲ ಕೆಳಗೂ ಬ್ರೇಕ್ ಇದೆ. ಅದನ್ನ ನಾನು ಇವತ್ತಿನವರೆಗೂ ಒತ್ತಿಲ್ಲ, ಗಮನಿಸಿದ್ರಾ?”

ಅವನು ತಿರುಗಿ ನೋಡಿದ. ಅಂದು ಬಣ್ಣ ನೋಡಿದ ಹಾಗೆಯೇ, ಒಂದೊಂದು ಹನಿಯಾಗಿ. ಈ ಸಲ ಕಣ್ಣು ತಗ್ಗಿಸಿದವಳು ಅವಳು.

ಒಂದೂವರೆ ತಿಂಗಳಾದ ಮೇಲೆ ಒಂದು ಭಾನುವಾರ ಅವನೇ ಕೇಳಿದ, “ಅಣ್ಣನ ಮನೆಗೆ ಹೋಗೋಣ್ವಾ? ನಾನೇ ಓಡಿಸ್ತೀನಿ. ನೀವು ಪಕ್ಕದಲ್ಲಿರಿ.”

ದಾರಿಯಲ್ಲಿ ಆ ಸೇತುವೆ ಬಂದಾಗ ವೇಗ ಇಳಿಸಿ, ಉಸಿರು ಬಿಟ್ಟು, ದಾಟಿದ.

ಹಾರ್ನ್ ಕೇಳಿ ಅಣ್ಣ ಕುಂಟುತ್ತಾ ಗೇಟಿಗೆ ಬಂದರು. ಸ್ಟಿಯರಿಂಗ್ ಹಿಂದೆ ತಮ್ಮನನ್ನು ಕಂಡು ಕಂಬ ಹಿಡಿದು ನಿಂತರು.

“ಬಾ ಅಣ್ಣ, ಒಂದು ರೌಂಡ್ ಹೋಗೋಣ,” ಎಂದ ಅವನು.

ಅಣ್ಣ ಹಿಂದಿನ ಸೀಟಿನಲ್ಲಿ ಕೂತು, ತಮ್ಮನ ಭುಜದ ಮೇಲೆ ಕೈಯಿಟ್ಟರು. “ಎಷ್ಟು ವರ್ಷ ಕಾಯಿಸಿದೆಯೋ, ಕತ್ತೆ! ನನ್ನ ಕಾಲಿಗಿಂತ ನೀನು ಬರದೇ ಇದ್ದಿದ್ದೇ ಜಾಸ್ತಿ ನೋವು ಕೊಟ್ಟಿದ್ದು.” ಕಣ್ಣೊರೆಸಿಕೊಂಡು ಮುಂದಿನ ಸೀಟಿನತ್ತ ಬಗ್ಗಿದರು. “ಇವರು ಯಾರಪ್ಪ?”

“ನನ್ನ ಟೀಚರ್.”

“ಅಷ್ಟೇನಾ?”

ಅವನ ಕಿವಿ ಕೆಂಪಾದವು.

“ಅಷ್ಟೇ ಅಲ್ಲ ಭಾವ,” ಎಂದಳು ಅವಳು, ಗೇರ್ ಮೇಲಿದ್ದ ಅವನ ಕೈಯ ಮೇಲೆ ಕೈಯಿಟ್ಟು.