ಎಡಗೈ ಎತ್ತಿಸಿದವರು

ಮಧ್ಯಾಹ್ನ ಮೂರು ಹತ್ತಕ್ಕೆ ಪ್ರಫುಲ್ಲಕ್ಕನ ಎಡಗೈ ಸ್ವಾಧೀನ ತಪ್ಪಿತು.

ಮಿದುಳಿನ ರಕ್ತನಾಳ ಒಡೆದು ಅಂದಿಗೆ ಏಳನೇ ದಿನ. ಉಳಿದ ನಾಳಗಳು ಬಿಗಿದುಕೊಳ್ಳಬಹುದೆಂದು ಮಣಿಪಾಲದ ಐಸಿಯುನಲ್ಲಿ ನರ್ಸ್ ಗಂಟೆಗೊಮ್ಮೆ ಕೈ ಎತ್ತಿಸಿ ನೋಡುತ್ತಿದ್ದರು. ಮೂರಕ್ಕೆ ಅಕ್ಕ ಸರಿಯಾಗಿಯೇ ಎತ್ತಿದ್ದಳು.

ಮೂರು ಐದಕ್ಕೆ ರೇಗಿದಳು. "ಈ ಸಿಸ್ಟರ್ ಎಂತ ಮಾರಾಯ, ಪುನಃ ಪುನಃ ಎಡಗೈ ಎತ್ತಿ ಅಂತಾರೆ. ಅವರ ಕೈಯೋ, ಐಸಿನಲ್ಲಿಟ್ಟ ಬಂಗುಡೆ ಮೀನು!"

ಹಾಸಿಗೆಯ ಬಳಿ ನಾನೊಬ್ಬನೇ ಇದ್ದೆ. ಅವಳ ಎಡ ಮಣಿಕಟ್ಟು ಮುಟ್ಟಿದೆ. ತಣ್ಣಗೆ ಒದ್ದೆಯಾಗಿತ್ತು.

"ನೋಡು, ಪುನಃ ಬಂದರು," ಎಂದು ಕೈ ಎತ್ತಲು ಹೋದಳು. ಆಗಲಿಲ್ಲ.

ನಾನು ಕೂಗಿದೆ. ಡಾಕ್ಟರು ಓಡಿಬಂದು, ಮಿದುಳಿಗೆ ರಕ್ತ ತಲುಪಲೆಂದು ಬಿಪಿ ಏರಿಸಿದರು. ನಾಲ್ಕರವರೆಗೆ ಕಾದಿದ್ದರೆ ಕಷ್ಟವಿತ್ತು ಎಂದರು. ಸಂಜೆಗೆ ಬೆರಳುಗಳು ಆಡಿದವು.

ಮರುದಿನ ಅಕ್ಕ ಆ ಸಿಸ್ಟರನ್ನು ಕರೆಸಲು ಹೇಳಿದಳು. ಐಸಿಯುನ ಒಂಬತ್ತು ಮಂದಿ ನರ್ಸುಗಳೂ ಒಬ್ಬೊಬ್ಬರಾಗಿ ಬಂದು ನಿಂತರು. ಪ್ರತಿಯೊಬ್ಬರನ್ನೂ ನೋಡಿ "ಇವರಲ್ಲ" ಎಂದಳು.